ಹದಿನಾಲ್ಕು ಕಣ್ಣಿನ ಸೇತುವೆ

ನಮ್ಮ ಹುಲಿಕುಂಟೆ ಕಡೆಗೆ ಮೊದಲ ಸಲ ಬರುವವರಿಗೆ ಒಂದು ಸಂಗತಿ ವಿಚಿತ್ರವಾಗಿ ಕಾಣುತ್ತದೆ. ಇಲ್ಲಿ ಹಳ್ಳಗಳಿವೆ, ನೀರಿಲ್ಲ. ಹಳ್ಳದ ಮೇಲೆ ಸೇತುವೆಗಳಿವೆ, ಕೆಳಗೆ ಬರೀ ಮರಳು, ಜಾಲಿ ಗಿಡ, ಮೇಯುವ ಕುರಿ. ರಾಗಿ, ಕಡಲೆಕಾಯಿ ಬೆಳೆದು ಆಕಾಶ ನೋಡುವ ಸೀಮೆ ನಮ್ಮದು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಎಲ್ಲಿ ನೋಡಿದರೂ ಹೆಚ್ಚು ಕಡಿಮೆ ಇದೇ ಕಥೆ.

ಕಳೆದ ದಸರಾ ರಜೆಗೆ ಬೆಂಗಳೂರಿನಿಂದ ಬಂದಿದ್ದ ನನ್ನ ಮೊಮ್ಮಗ ಊರ ಹಳ್ಳದ ಸೇತುವೆಯ ಮೇಲೆ ನಿಂತು ಕೆಳಗೆ ಬಗ್ಗಿ ನೋಡಿದ. ಏಳನೇ ತರಗತಿ ಓದುವ ಹುಡುಗ. "ತಾತ, ನೀರೇ ಇಲ್ಲದ ಹಳ್ಳಕ್ಕೆ ಸೇತುವೆ ಯಾಕೆ ಕಟ್ಟಿದ್ದಾರೆ? ದುಡ್ಡು ದಂಡ ಅಲ್ವಾ?" ಎಂದ.

ನನಗೆ ನಗು ಬರಲಿಲ್ಲ. ಸುಮಾರು ನಲವತ್ತು ವರ್ಷಗಳ ಹಿಂದೆ ಊರಿನವರೊಂದಿಗೆ ಅರ್ಜಿ ಹಿಡಿದುಕೊಂಡು ಒಂದು ಕಚೇರಿಗೆ ಹೋಗಿದ್ದಾಗ, ಮೇಜಿನ ಆಚೆ ಕುಳಿತವರೂ ಇದೇ ಮಾತನ್ನು ಹೇಳಿದ್ದರು: "ನಿಮ್ಮ ಹಳ್ಳದಲ್ಲಿ ವರ್ಷಕ್ಕೆ ಮೂರು ದಿನ ನೀರು ಬರುತ್ತದೆ. ಮೂರು ದಿನಕ್ಕೊಂದು ಸೇತುವೆ ಬೇಕೇನ್ರೀ?"

ಆ ಮೂರು ದಿನದ ಕಥೆಯನ್ನು ಮೊಮ್ಮಗನಿಗೆ ಅವತ್ತು ಸಂಜೆ ಜಗಲಿಯ ಮೇಲೆ ಕುಳಿತು ಹೇಳಿದೆ. ಎಂಬತ್ತೆರಡು ದಾಟಿದ ನನ್ನ ಅಕ್ಕ ಪಕ್ಕದಲ್ಲೇ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು.

ಆಗ ನನಗೆ ಹನ್ನೊಂದು ವರ್ಷ. ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಚಿತ್ತೆ ಮಳೆ ಹಿಡಿದುಕೊಂಡಿತ್ತು. ನೋವು ಶುರುವಾಗಿ ಒಂದು ಹಗಲು ಕಳೆದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ಕೈಚೆಲ್ಲಿ, "ಶಿರಾ ಆಸ್ಪತ್ರೆಗೆ ಕರಕೊಂಡು ಹೋಗಿ" ಎಂದಳು. ಕಮಾನು ಗಾಡಿಗೆ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ ಅಕ್ಕನನ್ನು ಮಲಗಿಸಿಕೊಂಡು ಹೊರಟೆವು. ಹಳ್ಳದ ಹತ್ತಿರ ಬರುವಾಗ ಕತ್ತಲು. ನೀರು ಕಾಣಿಸಲಿಲ್ಲ, ಸದ್ದು ಮಾತ್ರ ಕೇಳಿಸಿತು. ಎತ್ತುಗಳು ಹೆಜ್ಜೆ ಮುಂದಿಡಲಿಲ್ಲ. ಅಪ್ಪ ಲಾಂದ್ರ ಹಿಡಿದು ದಂಡೆಯುದ್ದಕ್ಕೂ ರಾತ್ರಿಯೆಲ್ಲ ಓಡಾಡಿದರು. ಬೆಳಗಿನ ಜಾವ ನೀರಿಳಿಯಿತು. ಗಾಡಿ ಹಳ್ಳ ದಾಟಿತು. ಆಸ್ಪತ್ರೆ ಸೇರುವ ಹೊತ್ತಿಗೆ ಕೂಸು ಉಳಿದಿರಲಿಲ್ಲ. ಅಕ್ಕ ಉಳಿದಳು.

ಮೊಮ್ಮಗ ಅಜ್ಜಿಯ ಮುಖ ನೋಡಿದ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿರಲಿಲ್ಲ. "ಇವನಿಗೆ ಅದ್ಯಾಕೋ ಈಗ ಹೇಳ್ತೀಯಾ? ಇಷ್ಟು ವರ್ಸ ಬ್ಯಾಂಕಿನಾಗೆ ಕೆಲಸ ಮಾಡ್ದೆ. ಆ ಹರಿಹರದ ಸೇತುವೆ ದೊಡ್ಡದು, ದೊಡ್ಡದು ಅಂತಿದ್ದೆ. ನನಗೊಂದು ದಿನ ತೋರಿಸ್ಲಿಲ್ಲ" ಎಂದಳು.

ಎರಡು ದಿನ ಬಿಟ್ಟು ನಾವು ಹರಿಹರಕ್ಕೆ ಹೊರಟಿದ್ದು ಹೀಗೆ.

ಶಿರಾದಿಂದ ಹರಿಹರಕ್ಕೆ ಸುಮಾರು 150 ಕಿ.ಮೀ. ದಾರಿ ಹೊಸದಲ್ಲ. ನಮ್ಮ ಹಿರಿಯರು ಪೂನಾ ರಸ್ತೆ ಎನ್ನುತ್ತಿದ್ದುದು, ಮುಂದೆ ರಾಷ್ಟ್ರೀಯ ಹೆದ್ದಾರಿ 4 ಆಗಿದ್ದು, ಈಗ 48 ಎಂದು ಹಲಗೆ ಹಾಕಿರುವುದು ಎಲ್ಲವೂ ಇದೇ ದಾರಿ. ಬೆಂಗಳೂರು, ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರ, ಅಲ್ಲಿಂದ ಮುಂದೆ ಹಾವೇರಿ, ಧಾರವಾಡ. ಮಗ ಕಾರು ಓಡಿಸುತ್ತಿದ್ದ. ಅಕ್ಕ ಮುಂದಿನ ಸೀಟು, ನಾನು ಮೊಮ್ಮಗ ಹಿಂದೆ.

ಹಿರಿಯೂರಿನಲ್ಲಿ ವೇದಾವತಿ. ಇದೇ ನದಿಗೆ ಮಾರಿಕಣಿವೆಯಲ್ಲಿ ಅಡ್ಡಕಟ್ಟೆ ಕಟ್ಟಿ 1907ರಲ್ಲಿ ಮುಗಿಸಿದ್ದು ವಾಣಿವಿಲಾಸ ಸಾಗರ. ಆ ಜಲಾಶಯ 1933ರಲ್ಲಿ ಮೊದಲ ಬಾರಿ ಕೋಡಿ ಬಿತ್ತು. ಎರಡನೆಯ ಬಾರಿ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಮೂರು ತಲೆಮಾರು ನೋಡದ ನೀರನ್ನು ನಾವು ನೋಡಿದೆವು. ಅದೇ 2022ರ ಮಳೆಗಾಲದಲ್ಲಿ ನಮ್ಮೂರ ಹಳ್ಳವೂ ತುಂಬಿ ಹರಿದಿತ್ತು. "ನೋಡಪ್ಪ, ನಮ್ಮ ಸೀಮೆಯ ಲೆಕ್ಕವೇ ಹೀಗೆ. ನೀರು ಬರುವುದಿಲ್ಲ ಎಂದು ಕುಳಿತರೆ ಬಂದೇ ಬಿಡುತ್ತದೆ" ಎಂದೆ.

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿನ್ನದೆ ಮುಂದೆ ಹೋಗುವುದು ಅಪರಾಧ ಎಂದು ಮಗ ತೀರ್ಪು ಕೊಟ್ಟ. ಅಕ್ಕ ಒಂದು ದೋಸೆ ತಿಂದು, ಬೆಣ್ಣೆಯ ಬಗ್ಗೆ ಒಳ್ಳೆಯ ಮಾತಾಡಿ, ಚಟ್ನಿಯ ಬಗ್ಗೆ ಮೌನ ವಹಿಸಿದಳು. ಅಲ್ಲಿಂದ ಹರಿಹರ 14 ಕಿ.ಮೀ.

ನನಗೆ ಈ ಊರು ಹಳೆಯ ಪರಿಚಯ. ಎಪ್ಪತ್ತರ ದಶಕದ ಕೊನೆಯಲ್ಲಿ ಬ್ಯಾಂಕಿನವರು ನನ್ನನ್ನು ಇಲ್ಲಿಗೆ ವರ್ಗ ಮಾಡಿದ್ದರು. ಆಗ ಹರಿಹರ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಸಂಜೆ ಕ್ಯಾಶ್ ಲೆಕ್ಕ ತಾಳೆಯಾದ ದಿನ ಬೇಗ, ಆಗದ ದಿನ ತಡವಾಗಿ, ಅಂತೂ ನದಿಯ ದಂಡೆಗೆ ಬಂದು ಕೂರುತ್ತಿದ್ದೆ. ನೀರಿಲ್ಲದ ಸೀಮೆಯಿಂದ ಬಂದವನಿಗೆ ವರ್ಷವಿಡೀ ನೀರು ಕಾಣುವ ಹೊಳೆ ಎಂದರೆ ಸಿನಿಮಾ ಇದ್ದ ಹಾಗೆ. ಆ ಹೊಳೆಯ ಮೇಲೆ ಸಾಲಾಗಿ ನಿಂತ ಕಮಾನುಗಳನ್ನು ಎಷ್ಟು ಸಲ ಎಣಿಸಿದ್ದೇನೋ!

ಮೊದಲು ಹರಿಹರೇಶ್ವರನ ದರ್ಶನ ಮಾಡಿದೆವು. ಅರ್ಧ ಹರಿ, ಅರ್ಧ ಹರ. ಎರಡನ್ನೂ ಒಂದೇ ಮೂರ್ತಿಯಲ್ಲಿ ಕೂಡಿಸಿದ ದೇವರು. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಈ ದೇವಾಲಯವನ್ನು ಕಟ್ಟಿಸಿದ್ದು 1224ರಲ್ಲಿ. ಸೂಳೆಕೆರೆಯ ಕಡೆಯಿಂದ ಬರುವ ಹರಿದ್ರಾ ಹಳ್ಳ ಇಲ್ಲಿ ತುಂಗಭದ್ರೆಯನ್ನು ಸೇರುವುದರಿಂದ ಊರಿಗೆ ಕೂಡಲೂರು ಎಂಬ ಹೆಸರೂ ಇತ್ತು. ಎರಡು ದೇವರು ಕೂಡಿದ, ಎರಡು ನೀರು ಕೂಡಿದ ಊರು. ಇಂಥ ಊರಿನಲ್ಲೇ ಎರಡು ದಂಡೆಗಳನ್ನು ಕೂಡಿಸುವ ದೊಡ್ಡ ಸೇತುವೆ ಎದ್ದಿತು.

ದೇವಾಲಯದಿಂದ ಹೊಳೆಗೆ ಬಂದೆವು. ಮಳೆಗಾಲ ಕಳೆದ ತುಂಗಭದ್ರೆ ಕೆಂಪು ಬಣ್ಣ ಬಿಟ್ಟು ತಿಳಿಯಾಗುತ್ತಿದ್ದಳು. ತುಂಗೆ, ಭದ್ರೆ ಎರಡೂ ಪಶ್ಚಿಮಘಟ್ಟದಲ್ಲಿ ಹುಟ್ಟಿ, ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಒಂದಾಗಿ, ಹೊನ್ನಾಳಿ ದಾಟಿ ಇಲ್ಲಿಗೆ ಬರುತ್ತವೆ. ಘಟ್ಟದಲ್ಲಿ ಮಳೆ ಸುರಿದರೆ ಇಲ್ಲಿ ಮೋಡವಿಲ್ಲದಿದ್ದರೂ ಹೊಳೆ ಏರುತ್ತದೆ.

ಹಳೆಯ ಸೇತುವೆಯ ಜೊತೆಗೆ ಈಗ ಹೊಸ ಸೇತುವೆ ಇದೆ. ದೂರದ ಲಾರಿಗಳು ಹೆದ್ದಾರಿಯ ಬೈಪಾಸಿನಲ್ಲಿ ಊರ ಹೊರಗೇ ಹೋಗಿಬಿಡುತ್ತವೆ. ಆದರೆ ನಾವು ನೋಡಲು ಬಂದದ್ದು ಹಳೆಯದನ್ನು. ಮೊಮ್ಮಗನಿಗೆ ಕಮಾನು ಎಣಿಸು ಎಂದೆ. ನಮ್ಮ ಕಡೆ ಸೇತುವೆಯ ಒಂದೊಂದು ಕಮಾನಿಗೂ ಕಣ್ಣು ಎನ್ನುತ್ತೇವೆ. "ಹದಿನಾಲ್ಕು ಕಣ್ಣು!" ಎಂದ.

"ಒಂದೊಂದು ಕಣ್ಣು 60 ಅಡಿ. ಒಟ್ಟು ಎಷ್ಟು?"

"840 ಅಡಿ."

"ನಡುವೆ ಕಂಬ ಎಷ್ಟು?"

ಹದಿನಾಲ್ಕು ಎಂದ, ನಾಲಿಗೆ ಕಚ್ಚಿಕೊಂಡು ಹದಿಮೂರು ಎಂದ. ಎರಡು ಕೊನೆಗಳಲ್ಲಿ ದಂಡೆಯ ಕಟ್ಟೆಗಳಿರುತ್ತವೆ, ಆದ್ದರಿಂದ ನಡುವಿನ ಕಂಬ ಯಾವಾಗಲೂ ಕಣ್ಣಿಗಿಂತ ಒಂದು ಕಡಿಮೆ. ಓದುವ ಮಕ್ಕಳು ಯಾವ ಸೇತುವೆ ಕಂಡರೂ ಇದನ್ನು ಪರೀಕ್ಷಿಸಬಹುದು.

ಈ ಸೇತುವೆ ಮುಗಿದದ್ದು 1868ರಲ್ಲಿ. ಆಗ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಅದಕ್ಕೂ ಮೊದಲು ಕಟ್ಟಡ, ಕೆರೆ, ರಸ್ತೆಗಳ ಕೆಲಸಕ್ಕೆ ಮರಾಮತ್ತು ಎನ್ನುತ್ತಿದ್ದರು. ನಮ್ಮ ಹಳ್ಳಿಗಳ ಹಿರಿಯರ ಬಾಯಲ್ಲಿ ಆ ಮಾತು ಇನ್ನೂ ಇದೆ. 1856ರಲ್ಲಿ ಅದಕ್ಕಾಗಿಯೇ ಪ್ರತ್ಯೇಕ ಲೋಕೋಪಯೋಗಿ ಇಲಾಖೆ ಹುಟ್ಟಿತು. 1864ರಿಂದ ಮುಖ್ಯ ಎಂಜಿನಿಯರ್ ಆಗಿದ್ದವರು ರಿಚರ್ಡ್ ಸ್ಯಾಂಕಿ. ಬೆಂಗಳೂರಿನ ಸ್ಯಾಂಕಿ ಕೆರೆಗೆ ಅವರದೇ ಹೆಸರು. ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿಯ ಕೆಂಪು ಕಟ್ಟಡ ಸಿದ್ಧವಾದದ್ದೂ 1868ರಲ್ಲೇ. ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡ ವರ್ಷವೂ ಅದೇ.

ಸೇತುವೆಗೆ ಖರ್ಚಾದದ್ದು ಸುಮಾರು 3 ಲಕ್ಷ ರೂಪಾಯಿ. ಬ್ಯಾಂಕಿನ ಚಾಳಿ ಹೋಗಬೇಕಲ್ಲ, ಮನಸ್ಸಿನಲ್ಲೇ ಭಾಗಿಸಿದೆ. 840 ಅಡಿಗೆ ಹಂಚಿದರೆ ಅಡಿಗೆ 350 ರೂಪಾಯಿಯ ಮೇಲೆ ಸ್ವಲ್ಪ. "ಅಷ್ಟೇನಾ? ನನ್ನ ಶೂಗೆ ಅದಕ್ಕಿಂತ ಜಾಸ್ತಿ" ಎಂದ ಮೊಮ್ಮಗ. ಅಂದಿನ ರೂಪಾಯಿಯನ್ನು ಇಂದಿನ ಶೂಗೆ ಅಳೆಯಬಾರದು ಎಂದು ತಿಳಿಸಿ ಹೇಳಬೇಕಾಯಿತು.

ಆ ಕಾಲದಲ್ಲಿ ಕಾಂಕ್ರೀಟ್ ಸೇತುವೆ ಇಲ್ಲ. ಕಲ್ಲು, ಇಟ್ಟಿಗೆ, ಗಾರೆ ಅಷ್ಟೇ. ಸುಣ್ಣ, ಮರಳನ್ನು ನೀರಿನೊಂದಿಗೆ ಎತ್ತಿನ ಗಾಣದಲ್ಲಿ ಅರೆದರೆ ಗಾರೆ. ಅದು ಕಬ್ಬಿಣದಂತೆ ಬಿಗಿಯಲು ಕಾಲ ಬೇಕು, ಬಿಗಿದ ಮೇಲೆ ಕಾಲವನ್ನೇ ಎದುರಿಸುತ್ತದೆ.

ಕಲ್ಲಿಗೆ ಒಂದು ಗುಣವಿದೆ. ಅದುಮಿದರೆ ತಡೆಯುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ದಿವಾನ್ ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಟ್ಟಿಸಿ 1804ರಲ್ಲಿ ಮುಗಿಸಿದ ವೆಲ್ಲೆಸ್ಲಿ ಸೇತುವೆಯಲ್ಲಿ ಕಮಾನುಗಳಿಲ್ಲ. ದೇವಸ್ಥಾನದ ಮಂಟಪದಂತೆ ಕಲ್ಲಿನ ಕಂಬ ನಿಲ್ಲಿಸಿ, ಮೇಲೆ ಕಲ್ಲಿನ ತೊಲೆ ಹಾಸಿದ್ದಾರೆ. ಕಲ್ಲಿನ ತೊಲೆ ಹೆಚ್ಚು ಉದ್ದವಿದ್ದರೆ ನಡುವೆ ಬಿರಿಯುತ್ತದೆ. ಹಾಗಾಗಿ ಅಲ್ಲಿ ಕಂಬಗಳು ಒತ್ತೊತ್ತಾಗಿವೆ. 60 ಅಡಿಯಷ್ಟು ಅಗಲ ದಾಟಬೇಕೆಂದರೆ ಕಲ್ಲನ್ನು ಬಗ್ಗಿಸದೆ ಅದುಮಿಸುವ ಉಪಾಯ ಬೇಕು. ಅದೇ ಕಮಾನು.

ಉಪಾಯ ಹೇಗೆಂದು ದಂಡೆಯ ಮೇಲೆಯೇ ಮಾಡಿ ತೋರಿಸಿದೆ. ನಾನೂ ಮೊಮ್ಮಗನೂ ಎದುರುಬದುರು ನಿಂತು, ಅಂಗೈಗೆ ಅಂಗೈ ಒತ್ತಿ, ಕಾಲುಗಳನ್ನು ಒಂದೊಂದು ಹೆಜ್ಜೆ ಹಿಂದಕ್ಕೆ ಇಟ್ಟೆವು. ನಾನು ಅವನ ಮೇಲೆ, ಅವನು ನನ್ನ ಮೇಲೆ ಭಾರ ಹಾಕಿ ನಿಂತಿದ್ದೇವೆ, ಇಬ್ಬರೂ ಬೀಳುತ್ತಿಲ್ಲ. ಮೇಲಿನಿಂದ ಒತ್ತಿದಷ್ಟೂ ಅಂಗೈಗಳು ಇನ್ನಷ್ಟು ಬಿಗಿಯುತ್ತವೆ. ಆದರೆ ಕಾಲು ಜಾರಿತೋ, ಕಥೆ ಮುಗಿಯಿತು. ಅದಕ್ಕೇ ಕಮಾನಿಗೆ ಎರಡೂ ಕಡೆ ಅಲುಗದ ಆಸರೆ ಬೇಕು. "ಈ ವಯಸ್ಸಿನಾಗೆ ಬಿದ್ದು ಸೊಂಟ ಮುರ್ಕಂಡೀಯ" ಎಂದು ಅಕ್ಕ ಕೂಗಿದಳು, ಪಾಠ ಅಲ್ಲಿಗೆ ನಿಂತಿತು.

ಹರಿಹರದ ಕಮಾನುಗಳಲ್ಲಿ ಇನ್ನೊಂದು ಜಾಣತನವಿದೆ. ಅವು ಅರ್ಧ ಚಂದ್ರನಂತೆ ದುಂಡಗಿಲ್ಲ. ಮೊಟ್ಟೆಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದಂತೆ ಚಪ್ಪಟೆಯಾಗಿವೆ. 60 ಅಡಿ ಅಗಲಕ್ಕೆ ಪೂರ್ತಿ ಅರ್ಧವೃತ್ತ ಕಟ್ಟಿದರೆ ಅದು 30 ಅಡಿ ಮೇಲೇಳಬೇಕು. ರಸ್ತೆಯೂ ಅಷ್ಟು ಎತ್ತರ ಏರಬೇಕು, ಎತ್ತಿನ ಗಾಡಿ ಹತ್ತಬೇಕು. ಅಂಡಾಕಾರವಾದರೆ ಅಗಲ ಅಷ್ಟೇ, ಎತ್ತರ ಕಡಿಮೆ. ಲೆಕ್ಕ ಬಲ್ಲವರು ಎತ್ತಿನ ಕಷ್ಟವನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಇಂಥ ಸೇತುವೆ ಕಟ್ಟುವಾಗ ಮೊದಲು ಮರದ ಚೌಕಟ್ಟು ಮಾಡಿ ಅದರ ಮೇಲೆ ಕಮಾನು ಜೋಡಿಸಬೇಕು. ನಡುನೆತ್ತಿಯ ಕಲ್ಲೋ ಇಟ್ಟಿಗೆಯೋ ಕೂರುವವರೆಗೆ ಕಮಾನು ತನ್ನ ಕಾಲ ಮೇಲೆ ನಿಲ್ಲದು. ಕೂತ ಮೇಲೆ ಮರ ತೆಗೆದರೂ ಬೀಳದು. ಹೊಳೆಯಲ್ಲಿ ಕೆಲಸ ಮಾಡಲು ಸಿಗುವುದು ನೀರಿಳಿದ ಬೇಸಿಗೆಯ ಕೆಲವೇ ತಿಂಗಳು. ಮುಂಗಾರು ಕಾಯುವುದಿಲ್ಲ. ಈಗಿನ ಸೆಂಟ್ರಿಂಗ್ ಕೆಲಸದವರನ್ನು ಕೇಳಿದರೂ ಮಳೆಯ ಭಯ ಹೇಳುತ್ತಾರೆ.

ಇನ್ನು ಸರ್ಕಾರದ ಹಣದಲ್ಲಿ ಸೇತುವೆಯಾಗುವುದು ಹೇಗೆ? ಅದರ ಬಾಲವನ್ನಷ್ಟೇ ನಾನು ಬ್ಯಾಂಕಿನ ಕೌಂಟರಿನಿಂದ ನೋಡಿದ್ದೇನೆ. ಮೊದಲು ಎಂಜಿನಿಯರರು ಅಂದಾಜು ಪಟ್ಟಿ ತಯಾರಿಸಬೇಕು. ಆಡಳಿತದ ಮಂಜೂರಾತಿ ಬೇರೆ, ತಾಂತ್ರಿಕ ಮಂಜೂರಾತಿ ಬೇರೆ. ಆಮೇಲೆ ಟೆಂಡರ್. ಟೆಂಡರ್ ಹಾಕುವ ಗುತ್ತಿಗೆದಾರರು ಠೇವಣಿಗೆಂದು ಡಿ.ಡಿ. ಮಾಡಿಸಲು ನಮ್ಮ ಮುಂದೆ ಸಾಲು ನಿಲ್ಲುತ್ತಿದ್ದರು. ಕೆಲಸ ನಡೆದಂತೆ ಅಳತೆ ಪುಸ್ತಕದಲ್ಲಿ ಬರೆದು, ಬಿಲ್ಲಾಗಿ, ಚೆಕ್ಕಾಗಿ ಬರಬೇಕು. ಮಾರ್ಚ್ 31ರ ರಾತ್ರಿ ಆ ಚೆಕ್ಕುಗಳಿಗಾಗಿ ನಾವು ಬಾಗಿಲು ತೆರೆದು ಕೂತದ್ದುಂಟು. ವರ್ಷ ಮುಗಿದರೆ ಅನುದಾನವೂ ಮುಗಿಯಿತು ಎಂಬ ಗಡಿಬಿಡಿ. ಆ ಕಾಗದಗಳನ್ನು ಮುಟ್ಟುವಾಗಲೆಲ್ಲ ಇದು ಯಾವ ಊರಿನ ಹಳ್ಳದ್ದೋ, ಯಾರ ಗಾಡಿ ಕಾದಿದೆಯೋ ಎಂದುಕೊಳ್ಳುತ್ತಿದ್ದೆ.

ಅಕ್ಕ ಇಷ್ಟು ಹೊತ್ತೂ ಮಾತಾಡಿರಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಅರಿಶಿನ ಕುಂಕುಮವನ್ನು ಹೊಳೆಗೆ ಬಿಟ್ಟು, ಕೈಮುಗಿದು, ಮೆಟ್ಟಿಲ ಮೇಲೆ ಕುಳಿತಿದ್ದಳು. ಆಮೇಲೆ ಕೇಳಿದಳು:

"ಇದು ಕಟ್ಟಿ ಎಷ್ಟು ವರ್ಸ ಆತು ಅಂದೆ?"

"ನೂರೈವತ್ತು ದಾಟಿತು ಅಕ್ಕಾ."

"ದುಡ್ಡು ಯಾರದು?"

"ಸಂಸ್ಥಾನದ್ದು. ರೈತರ ಕಂದಾಯ ಸೇರಿ ಬಂದ ಹಣ."

"ನಮ್ಮ ಸೀಮೆಯೂ ಆವಾಗ ಅದೇ ಸಂಸ್ಥಾನ ತಾನೆ?"

"ಹೌದು."

"ಹಂಗಾದ್ರೆ ನಮ್ಮ ಮುತ್ತಾತನ ದುಡ್ಡೂ ಇದ್ರಾಗೆ ಐತೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದಳು, "ನಾವು ಹುಟ್ಟೋಕ್ ಮುಂಚೇನೇ ಅವರಿಗೆ ಸೇತುವೆ ಕಟ್ಟೋದು ಗೊತ್ತಿತ್ತು."

ನನ್ನಲ್ಲಿ ಉತ್ತರವಿರಲಿಲ್ಲ. ಕಾರಣ ಗೊತ್ತಿತ್ತು. ಇದು ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿ. ಹೊಳೆಯ ಈಚೆ ಮೈಸೂರು, ಆಚೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ದಂಡು ಓಡಾಡಬೇಕು, ಟಪಾಲು ಹೋಗಬೇಕು, ವ್ಯಾಪಾರದ ಸರಕು ಸಾಗಬೇಕು. ಹಾಗಾಗಿ 3 ಲಕ್ಷ ಸಿಕ್ಕಿತು. ನಮ್ಮ ಹಳ್ಳ ದಾಟಬೇಕಾದದ್ದು ನಮ್ಮ ಗಾಡಿಗಳು ಮಾತ್ರ. ಗೊತ್ತಿರುವ ಕಾರಣವೆಲ್ಲ ಉತ್ತರವಾಗುವುದಿಲ್ಲ.

ಹಾಗೆ ಕಾದವರು ನಾವೊಬ್ಬರೇ ಅಲ್ಲ. ಲಿಂಗನಮಕ್ಕಿ ಅಣೆಕಟ್ಟೆಯಿಂದ ಶರಾವತಿಯ ಹಿನ್ನೀರು ಆವರಿಸಿದ ಮೇಲೆ ಸಿಗಂದೂರು ಕಡೆಯ ಜನ ಆರು ದಶಕ ಲಾಂಚಿಗಾಗಿ ದಡದಲ್ಲಿ ಕಾದರು. ಹೊತ್ತು ಮೀರಿದರೆ ರೋಗಿಯೂ ಕಾಯಬೇಕು, ಬಾಣಂತಿಯೂ ಕಾಯಬೇಕು. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಕೇಬಲ್‌ಗಳಿಂದ ಹಿಡಿದು ನಿಲ್ಲಿಸಿದ 2.44 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಖರ್ಚು 470 ಕೋಟಿ ರೂಪಾಯಿಯ ಮೇಲೆ.

ಕಟ್ಟಿದರೆ ಮುಗಿಯಿತೇ? ಅದೂ ಇಲ್ಲ. ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ಮಧ್ಯರಾತ್ರಿ ಕಳೆದ ಹೊತ್ತಿನಲ್ಲಿ ಕುಸಿದು ಬಿತ್ತು. ಲಾರಿಯೊಂದು ನೀರಿಗೆ ಬಿದ್ದು, ಚಾಲಕನನ್ನು ಮೀನುಗಾರರು, ಪೊಲೀಸರು ಬದುಕಿಸಿದರು. ಅದಕ್ಕೆ ಸುಮಾರು ನಲವತ್ತು ವರ್ಷ ವಯಸ್ಸು. ನಮ್ಮ ಮುಂದೆ ನಿಂತದ್ದಕ್ಕೆ ನೂರೈವತ್ತರ ಮೇಲೆ. ಉಪ್ಪುನೀರಿನ ದಡವೇ ಬೇರೆ, ಇಲ್ಲಿನ ಹೊಳೆಯೇ ಬೇರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಸೇತುವೆಗೆ ವಯಸ್ಸಾಗುತ್ತದೆ, ವಯಸ್ಸಾದವರನ್ನು ಆಗಾಗ ನೋಡಿಕೊಂಡು ಬರಬೇಕು ಎಂಬುದು ಎಲ್ಲ ಕಡೆಗೂ ಸಲ್ಲುವ ಮಾತು.

ಮರುದಿನ ಸಂಜೆ ಊರು ಸೇರಿದೆವು. ನಮ್ಮ ಹಳ್ಳದ ಮೇಲೆ ಸೇತುವೆಯಾದದ್ದು ನಾನು ನಿವೃತ್ತನಾಗುವ ಕೆಲವು ವರ್ಷ ಮೊದಲು. ಮೂರೇ ಕಣ್ಣು, ಕಾಂಕ್ರೀಟಿನದು, ಅಂದಚಂದ ಏನೂ ಇಲ್ಲ. ಆದರೆ 2022ರಲ್ಲಿ ಹಳ್ಳ ಉಕ್ಕಿದ ದಿನ ಶಾಲೆಯ ಮಕ್ಕಳು, ಹಾಲಿನ ಗಾಡಿ, ಒಂದು ಆಂಬುಲೆನ್ಸ್ ಎಲ್ಲವೂ ಅದರ ಮೇಲೇ ಹೋದವು. ಅಕ್ಕ ಆ ದಿನ ಕೊಡೆ ಹಿಡಿದು ಸೇತುವೆಯ ಮೇಲೆ ಬಹಳ ಹೊತ್ತು ನಿಂತಿದ್ದಳು.

ಕಾರು ನಿಲ್ಲಿಸಲು ಹೇಳಿ ಇಳಿದೆವು. ಮೊಮ್ಮಗ ಈ ಸಲ ಬಗ್ಗಿ ನೋಡಿದ್ದು ನೀರಿಗಾಗಿ ಅಲ್ಲ. "ತಾತ, ಒಂದು ಕಣ್ಣಿನಲ್ಲಿ ಜಾಲಿ ಮುಳ್ಳು, ಪ್ಲಾಸ್ಟಿಕ್ ತುಂಬಿಕೊಂಡಿದೆ. ನೀರು ಬಂದರೆ ಹೋಗಲ್ಲ" ಎಂದ. ಕಂಬದ ಬಿರುಕಿನಲ್ಲಿ ಗೇಣುದ್ದದ ಅರಳಿ ಸಸಿಯೊಂದು ಎದ್ದಿರುವುದನ್ನೂ ತೋರಿಸಿದ. ಅರಳಿಯ ಬೇರು ಎಂಥ ಕಟ್ಟಡವನ್ನೂ ಸೀಳುತ್ತದೆ. ಆದರೆ ನಮ್ಮಲ್ಲಿ ಅರಳಿ ಕೀಳಲು ಕೈ ಬರುವುದಿಲ್ಲ. ನಾನು ಅಕ್ಕನ ಮುಖ ನೋಡಿದೆ.

"ಬೇರು ಸಮೇತ ಕೀಳಪ್ಪಾ" ಎಂದಳು ಅವಳು ಮೊಮ್ಮಗನಿಗೆ. "ಕೆರೆ ಏರಿ ಕೆಳಗೆ ನೆಡಾನ. ಅಲ್ಲಿ ದೊಡ್ಡದಾಗ್ಲಿ."

ಮರುದಿನ ಬೆಳಿಗ್ಗೆ ಮಚ್ಚು, ಕವೆಗೋಲು ತಂದು, ಊರಿನ ಇನ್ನಿಬ್ಬರು ಹುಡುಗರನ್ನು ಸೇರಿಸಿಕೊಂಡು ಆ ಕಣ್ಣನ್ನು ಬಿಡಿಸಿದೆವು. ಬಿರುಕಿನ ವಿಷಯವನ್ನು ಕಾಗದದಲ್ಲಿ ಬರೆದು ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಅರಳಿ ಸಸಿ ಕೆರೆಯ ಏರಿಯ ಕೆಳಗಿದೆ. ನೀರು ಹಾಕುವ ಕೆಲಸ ಅಕ್ಕನದು.